ಬಂದೂಕಿನ ಸ್ಟಾಕ್: ಆಯ್ಕೆ, ಅಳತೆ ಮತ್ತು ಕಾನೂನು

ಆತ್ಮರಕ್ಷಣೆ, ಬೆಳೆಯ ರಕ್ಷಣೆ ಅಥವಾ ಗುರಿ ಹೊಡೆಯುವ ಕ್ರೀಡೆಗಾಗಿ ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡಿರುವ ಕುಟುಂಬಗಳು ದೇಶದ ಎಲ್ಲೆಡೆ ಇವೆ. ಅನೇಕ ಮನೆಗಳಲ್ಲಿ ಅದು ಹಿರಿಯರಿಂದ ಬಂದ ಸ್ವತ್ತು. ತಂದೆಯ ಮೈಕಟ್ಟಿಗೆ ಹೊಂದುತ್ತಿದ್ದ ಬಂದೂಕು ಮಗನ ಅಥವಾ ಮಗಳ ಭುಜಕ್ಕೆ ಹೊಂದದೆ ಹೋಗಬಹುದು. ಹಳೆಯ ಮರ ಬಿರುಕು ಬಿಟ್ಟಿರಬಹುದು. ಆಗ ಅದನ್ನು ಬದಲಿಸುವ ಯೋಚನೆ ಬರುವುದು ಸಹಜ. ಆದರೆ ಬಂದೂಕಿನ ವಿಷಯದಲ್ಲಿ ಸಾಮಾನ್ಯ ದುರಸ್ತಿ ಎಲ್ಲಿಗೆ ಮುಗಿಯುತ್ತದೆ, ಅಪರಾಧ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಮೊದಲು ಅರಿಯುವುದು ಅಗತ್ಯ.

ಸ್ಟಾಕ್ ಎಂದರೇನು?

ನಳಿಗೆ ಮತ್ತು ಯಂತ್ರಭಾಗವನ್ನು ಹೊತ್ತು, ಹಿಂತುದಿಯಲ್ಲಿ ಭುಜಕ್ಕೆ ಆನಿಕೊಳ್ಳುವ ಅಂಗಕ್ಕೆ ಸ್ಟಾಕ್ ಎಂದು ಹೆಸರು. ಸಾಂಪ್ರದಾಯಿಕವಾಗಿ ಇದನ್ನು ಅಕ್ರೋಟು ಮರದಿಂದ ಮಾಡುತ್ತಾರೆ. ತೋಟಾ ಸಿಡಿದಾಗ ಉಂಟಾಗುವ ಒದೆತವನ್ನು ಭುಜಕ್ಕೆ ಹರಡುವುದು ಇದರ ಒಂದು ಕೆಲಸ. ಕಣ್ಣು ಮತ್ತು ನಳಿಗೆಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಇನ್ನೊಂದು.

ಎರಡನೆಯ ಕೆಲಸವು ಚರೆ ಹಾರಿಸುವ ಶಾಟ್‌ಗನ್ನಿನಲ್ಲಿ ವಿಶೇಷ ಮಹತ್ವ ಪಡೆಯುತ್ತದೆ. ರೈಫಲ್ಲಿಗೆ ಹಿಂದೆ ಮತ್ತು ಮುಂದೆ ಎರಡು ಗುರಿಗುರುತುಗಳಿರುತ್ತವೆ. ಜೋಡುನಳಿಗೆಯ ಕೋವಿಗೆ ಸಾಮಾನ್ಯವಾಗಿ ಮುಂದಿನ ಒಂದು ಮಣಿ ಮಾತ್ರ. ಹಿಂದಿನ ಗುರುತಿನ ಸ್ಥಾನದಲ್ಲಿರುವುದು ಹೊಡೆಯುವವನ ಕಣ್ಣೇ. ಸ್ಟಾಕಿನ ಮೇಲೆ ಕೆನ್ನೆ ತಪ್ಪಾಗಿ ಕೂತರೆ ಗುರಿಯೂ ತಪ್ಪುತ್ತದೆ.

ಅಳತೆ ನೋಡುವ ಬಗೆ

ಮುಖ್ಯವಾದ ಅಳತೆಗಳು ಮೂರು. ಮೊದಲನೆಯದು ಟ್ರಿಗರಿನಿಂದ ಸ್ಟಾಕಿನ ಹಿಂತುದಿಯವರೆಗಿನ ಉದ್ದ. ಕಾರ್ಖಾನೆಯ ಶಾಟ್‌ಗನ್‌ಗಳಲ್ಲಿ ಇದು ಸುಮಾರು 14ರಿಂದ 14.5 ಅಂಗುಲ, ಅಂದರೆ 36ರಿಂದ 37 ಸೆಂಟಿಮೀಟರ್. ಉದ್ದ ಹೆಚ್ಚಾದರೆ ಬಂದೂಕನ್ನು ಏರಿಸುವಾಗ ಅದು ತೋಳಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಕಡಿಮೆಯಾದರೆ ಒದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯಬಹುದು. ಎರಡನೆಯದು, ನಳಿಗೆಯ ಸಾಲಿಗಿಂತ ಕೆನ್ನೆ ಒರಗುವ ಅಂಚು ಎಷ್ಟು ಕೆಳಗಿದೆ ಎಂಬುದು. ಸಾಮಾನ್ಯವಾಗಿ ಇದು ಒಂದೂವರೆ ಅಂಗುಲದ ಆಸುಪಾಸಿನಲ್ಲಿರುತ್ತದೆ. ಮೂರನೆಯದು, ಕಣ್ಣು ನಳಿಗೆಯ ನೇರಕ್ಕೆ ಬರಲೆಂದು ಸ್ಟಾಕನ್ನು ಎಡಕ್ಕೋ ಬಲಕ್ಕೋ ತುಸು ಬಾಗಿಸಿರುವ ಪ್ರಮಾಣ. ಬಲಗೈಯವರಿಗೆಂದು ಮಾಡಿದ ಸ್ಟಾಕ್ ಎಡಗೈಯವರಿಗೆ ಹೊಂದದಿರುವುದಕ್ಕೆ ಈ ಬಾಗೇ ಕಾರಣ.

ಹಿಂತುದಿಗೆ ಹಚ್ಚುವ ರಬ್ಬರಿನ ಮೆತ್ತೆಯಿಂದ ಉದ್ದವನ್ನು ತುಸು ಹೆಚ್ಚಿಸಬಹುದು, ಒದೆತವೂ ಮೃದುವಾಗುತ್ತದೆ. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಹೊಸ ಸ್ಟಾಕಿನ ಅಗತ್ಯವೇ ಬೀಳುವುದಿಲ್ಲ. ಇಂಥ ಯಾವುದೇ ಪರೀಕ್ಷೆಗೆ ಮುನ್ನ ಬಂದೂಕು ಖಾಲಿಯಾಗಿರುವುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು.

ಮರವೋ, ಪ್ಲಾಸ್ಟಿಕ್ಕೋ?

ಬಂದೂಕಿನ ತಯಾರಕರಲ್ಲದೆ ಬೇರೆಯವರೂ ತಯಾರಿಸಿ ಮಾರುವ ಸ್ಟಾಕ್‌ಗಳು ಮರ, ಪದರುಗೂಡಿಸಿದ ಮರ ಮತ್ತು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಇರುತ್ತವೆ. ಮುಂಬಯಿ, ಚೆನ್ನೈಗಳಂಥ ಕಡಲ ತೀರದ ನಗರಗಳ ತೇವಕ್ಕೆ ಮರ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ರೈಫಲ್ಲಿನಲ್ಲಿ ಉಬ್ಬಿದ ಮರ ನಳಿಗೆಯನ್ನು ಒತ್ತಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಪ್ಲಾಸ್ಟಿಕ್ಕಿಗೆ ಈ ದೋಷವಿಲ್ಲ. ಆದರೆ ಅದು ಹಗುರವಾಗಿದ್ದಲ್ಲಿ, ಬಂದೂಕಿನ ಒಟ್ಟು ತೂಕ ಇಳಿದು ಒದೆತ ಹೆಚ್ಚುತ್ತದೆ. ಹಿಡಿಯುವ ಸಣ್ಣ ಭಾಗದಲ್ಲಿ ಬಿರುಕು ಬಿಟ್ಟ ಮರಕ್ಕೆ ತಂತಿ ಸುತ್ತಿ ಬಳಸುವುದು ಅಪಾಯಕರ. ಅದನ್ನು ಬದಲಿಸುವುದೇ ಲೇಸು.

ಬುಲ್‌ಪಪ್ ಮಾದರಿ

ಸಾಮಾನ್ಯ ಬಂದೂಕಿನಲ್ಲಿ ತೋಟಾ ಸಿಡಿಯುವ ಯಂತ್ರಭಾಗವು ಟ್ರಿಗರಿನ ಮೇಲೆ ಅಥವಾ ಮುಂದೆ ಇರುತ್ತದೆ. ಬುಲ್‌ಪಪ್ ಮಾದರಿಯಲ್ಲಿ ಅದನ್ನು ಟ್ರಿಗರಿನ ಹಿಂದೆ, ಸ್ಟಾಕಿನ ಒಳಗೇ ಇರಿಸಲಾಗುತ್ತದೆ. ಇದರಿಂದ ನಳಿಗೆಯನ್ನು ಕಡಿಮೆ ಮಾಡದೆ ಒಟ್ಟು ಉದ್ದವನ್ನು ಇಳಿಸಬಹುದು. ಆಸ್ಟ್ರಿಯಾದ ಸೇನೆ 1977ರಲ್ಲಿ ಸ್ವೀಕರಿಸಿದ ಸ್ಟಾಯರ್ ಎ.ಯು.ಜಿ. ರೈಫಲ್ಲಿನ ಒಟ್ಟು ಉದ್ದ 790 ಮಿಲಿಮೀಟರ್, ನಳಿಗೆ 508 ಮಿಲಿಮೀಟರ್. ನಮ್ಮ ಇನ್ಸಾಸ್ ರೈಫಲ್ಲಿನ ಉದ್ದ 960 ಮಿಲಿಮೀಟರ್, ನಳಿಗೆ 464 ಮಿಲಿಮೀಟರ್. ವಾಹನದಿಂದ ಇಳಿದು ಕಟ್ಟಡದೊಳಗೆ ನುಗ್ಗಬೇಕಾದ ಯೋಧನಿಗೆ ಈ ವ್ಯತ್ಯಾಸ ದೊಡ್ಡದು.

ಆದರೆ ಇದರ ಅನನುಕೂಲಗಳೂ ಕಡಿಮೆಯಲ್ಲ. ಟ್ರಿಗರಿಗೂ ಯಂತ್ರಭಾಗಕ್ಕೂ ನಡುವೆ ಉದ್ದನೆಯ ಸರಳು ಬೇಕಾಗುವುದರಿಂದ ಟ್ರಿಗರ್ ಎಳೆತದ ನಯ ಕುಂದುತ್ತದೆ. ಸಿಡಿಯುವ ಭಾಗ ಮುಖದ ಪಕ್ಕದಲ್ಲೇ ಇರುತ್ತದೆ. ಎಡಗೈಯವರು ಬಳಸಿದರೆ ಖಾಲಿ ತೋಟಾ ಕೆನ್ನೆಯತ್ತ ಹಾರಬಹುದು. ಫ್ರಾನ್ಸ್ 2017ರಿಂದ, ಚೀನಾ 2019ರಿಂದ ತಮ್ಮ ಬುಲ್‌ಪಪ್ ರೈಫಲ್‌ಗಳ ಸ್ಥಾನದಲ್ಲಿ ಸಾಮಾನ್ಯ ವಿನ್ಯಾಸದವನ್ನು ತರತೊಡಗಿದುದು ಗಮನಾರ್ಹ.

ಸಾಮಾನ್ಯ ಬಂದೂಕಿಗೆ ಬುಲ್‌ಪಪ್ ಹೊದಿಕೆ ತೊಡಿಸುವ ಸಲಕರಣೆಗಳು ಕೆಲವು ವಿದೇಶಗಳಲ್ಲಿ ಮಾರಾಟವಾಗುತ್ತವೆ. ನಮ್ಮಲ್ಲಿ ಬಳಕೆಯಲ್ಲಿರುವ, ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವಂಥ 12 ಬೋರಿನ ಜೋಡುನಳಿಗೆ ಕೋವಿಗೆ ಈ ವಿನ್ಯಾಸ ಹೊಂದುವುದೇ ಇಲ್ಲ. ಆ ಕೋವಿಯನ್ನು ನಡುವೆ ಮಡಿಚಿ ತೋಟಾ ತುಂಬಬೇಕು. ಮಡಿಚುವ ಜಾಗ ಕೆನ್ನೆಯ ಪಕ್ಕಕ್ಕೆ ಬಂದರೆ ಬಳಸುವುದು ಹೇಗೆ?

ಕಾನೂನು ಏನು ಹೇಳುತ್ತದೆ?

1959ರ ಆಯುಧ ಅಧಿನಿಯಮದಲ್ಲಿ ‘ಆಯುಧ’ ಎಂಬ ಪದದ ವ್ಯಾಖ್ಯೆಯೊಳಗೆ ಬಿಡಿಭಾಗಗಳೂ ಸೇರಿವೆ. ಬಂದೂಕನ್ನು ತಯಾರಿಸುವವರಿಗೆ, ಮಾರುವವರಿಗೆ ಮಾತ್ರವಲ್ಲದೆ ದುರಸ್ತಿ ಅಥವಾ ಪರಿವರ್ತನೆ ಮಾಡುವವರಿಗೂ 5ನೆಯ ಪ್ರಕರಣದಂತೆ ಪರವಾನಗಿ ಇರಬೇಕು. ಆದುದರಿಂದ ಊರಿನ ಬಡಗಿಯ ಕೈಗೆ ಬಂದೂಕನ್ನು ಒಪ್ಪಿಸುವುದು ಸಲ್ಲದು. ವಿದೇಶದಿಂದ ಆಯುಧ ತರಿಸುವುದಕ್ಕೆ 10ನೆಯ ಪ್ರಕರಣದ ನಿರ್ಬಂಧವಿದೆ. ಬಿಡಿಭಾಗವೆಂದು ಅಂಚೆಯಲ್ಲಿ ತರಿಸಿಕೊಂಡವರು ಕಷ್ಟಕ್ಕೆ ಸಿಲುಕಬಹುದು.

ಎಲ್ಲಕ್ಕಿಂತ ಮುಖ್ಯವಾದುದು 6ನೆಯ ಪ್ರಕರಣ. ಅದಕ್ಕೆ ಬೇಕಾದ ಪರವಾನಗಿ ಇಲ್ಲದೆ ಬಂದೂಕಿನ ನಳಿಗೆಯನ್ನು ಕಡಿಮೆ ಮಾಡುವಂತಿಲ್ಲ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಪರಿವರ್ತಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷಗಳಿಂದ ಹಿಡಿದು ಜೀವಾವಧಿಯವರೆಗೆ ಕಾರಾವಾಸ ಹಾಗೂ ಜುಲ್ಮಾನೆ ವಿಧಿಸಬಹುದು. ಹಿಡಿಯಲು ಅನುಕೂಲವಾಗಲೆಂದು ಮನೆಯಲ್ಲಿಯೇ ಗರಗಸ ಹಿಡಿದವನಿಗೂ ಈ ನಿಯಮ ಅನ್ವಯಿಸುತ್ತದೆ.

ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದುವ ಬಗ್ಗೆ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳ ಅವಧಿಗೆ ಮುಂದುವರಿಸಲಾಗಿದೆ. ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದುದೇ ಹೊರತು ಅದರ ನಳಿಗೆ ಕತ್ತರಿಸುವುದಕ್ಕೆ ನೀಡಿದ ಅನುಮತಿಯಲ್ಲ.

ಅನುಸರಿಸಬೇಕಾದ ಕ್ರಮ

ಹಿರಿಯರಿಂದ ಬಂದ ಬಂದೂಕಾದರೆ ಮೊದಲು ವಾರಸುದಾರನ ಹೆಸರಿನಲ್ಲಿ ಪರವಾನಗಿ ಪಡೆಯಬೇಕು. ಬಳಿಕ ಮಾಡಿಸಬೇಕೆಂದಿರುವ ಬದಲಾವಣೆಯನ್ನು ವಿವರಿಸಿ ಪರವಾನಗಿ ಪ್ರಾಧಿಕಾರಕ್ಕೆ ಬರೆದು, ಲಿಖಿತ ಉತ್ತರ ಪಡೆದುಕೊಳ್ಳುವುದು ಕ್ಷೇಮಕರ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು, ಇತರೆಡೆ ಜಿಲ್ಲಾ ದಂಡಾಧಿಕಾರಿಯ ಕಚೇರಿಯನ್ನು ವಿಚಾರಿಸಬೇಕು. ಕೆಲಸವನ್ನು ಪರವಾನಗಿಯುಳ್ಳ ವ್ಯಾಪಾರಿಯಿಂದಲೇ ಮಾಡಿಸಿ, ರಸೀದಿಯನ್ನು ಪರವಾನಗಿ ಪುಸ್ತಕದೊಂದಿಗೆ ಇರಿಸಿಕೊಳ್ಳಬೇಕು. ಲೋಹದ ಮೇಲಿನ ಸಂಖ್ಯೆ ಅಳಿಯದಂತೆ ಎಚ್ಚರ ವಹಿಸಬೇಕು.

ಒಳ್ಳೆಯ ಸ್ಟಾಕ್ ಎಂದರೆ ನೋಡಲು ಹೊಸತಾದುದಲ್ಲ, ಮೈಗೆ ಹೊಂದುವಂಥದು. ಅದನ್ನು ಪಡೆಯಲು ಮರದ ಅಳತೆಯನ್ನು ತಿದ್ದಿದರೆ ಸಾಕು. ನಳಿಗೆಯನ್ನು ಮುಟ್ಟಬೇಕಾದ ಪ್ರಮೇಯವೇ ಇಲ್ಲ.