ನ್ಯಾಯಾಲಯದ ಹೆಸರಿನಲ್ಲಿ ಲಂಚ: ಕೊಟ್ಟವರಿಗೂ ಮಧ್ಯವರ್ತಿಗೂ ಶಿಕ್ಷೆ

ಜಮೀನಿನ ವ್ಯಾಜ್ಯ, ಜಾಮೀನು, ಜೀವನಾಂಶ ಮುಂತಾದ ಪ್ರಕರಣಗಳಿಗಾಗಿ ಸಿರುಗುಪ್ಪ ಹಾಗೂ ಕುರುಗೋಡು ತಾಲ್ಲೂಕುಗಳ ಗ್ರಾಮಸ್ಥರು ಬಳ್ಳಾರಿ ನಗರದ ಜಿಲ್ಲಾ ನ್ಯಾಯಾಲಯಕ್ಕೆ ಬರುವುದುಂಟು. "ಸಾಹೇಬರಿಗೆ ಮುಟ್ಟಿಸಿದರೆ ಕೆಲಸವಾಗುತ್ತದೆ" ಎಂದು ಯಾರಾದರೂ ಹಣ ಕೇಳಿದಾಗ, ಭತ್ತ ಅಥವಾ ಮೆಣಸಿನಕಾಯಿ ಮಾರಿದ ಹಣವನ್ನು ಕೊಡುವ ಮುನ್ನ ಅವರು ಸಲಹೆ ಕೇಳುವುದು ಗ್ರಾಮ ಪಂಚಾಯಿತಿ ಸದಸ್ಯರನ್ನು. ಆದ್ದರಿಂದ ಈ ಕುರಿತ ಕಾನೂನನ್ನು ಸದಸ್ಯರು ಅರಿತಿರುವುದು ಅವಶ್ಯ.

ಯಾರಿಗೆ ಅನ್ವಯ?

ಭ್ರಷ್ಟಾಚಾರ ತಡೆ ಅಧಿನಿಯಮ, 1988ರ ಪ್ರಕಾರ ನ್ಯಾಯಾಧೀಶರು, ಶಿರಸ್ತೇದಾರರು, ಗುಮಾಸ್ತರು, ಸಮನ್ಸ್ ಜಾರಿ ಮಾಡುವ ಅಮೀನರು ಹಾಗೂ ನ್ಯಾಯಾಲಯ ನೇಮಿಸಿದ ಕಮಿಷನರರು ಸಾರ್ವಜನಿಕ ನೌಕರರು. ಉಚ್ಚ ಹಾಗೂ ಸರ್ವೋಚ್ಚ ನ್ಯಾಯಾಲಯಗಳ ನ್ಯಾಯಮೂರ್ತಿಗಳೂ ಇದರ ವ್ಯಾಪ್ತಿಗೆ ಬರುತ್ತಾರೆಂದು ಸರ್ವೋಚ್ಚ ನ್ಯಾಯಾಲಯವು ಕೆ. ವೀರಸ್ವಾಮಿ ಪ್ರಕರಣದಲ್ಲಿ 1991ರಲ್ಲಿ ತೀರ್ಪಿತ್ತಿದೆ.

ಬಳ್ಳಾರಿಗೆ ಸಂಬಂಧಿಸಿದ ಉದಾಹರಣೆಯೂ ಉಂಟು. ಓಬಳಾಪುರಂ ಗಣಿ ಪ್ರಕರಣದಲ್ಲಿ ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿ ಅವರಿಗೆ ಜಾಮೀನು ನೀಡಲು ಲಂಚ ಪಡೆದ ಆರೋಪದ ಮೇಲೆ ಹೈದರಾಬಾದಿನ ಸಿಬಿಐ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಟಿ. ಪಟ್ಟಾಭಿರಾಮ ರಾವ್ ಅವರನ್ನು 2012ರ ಮೇ ತಿಂಗಳಲ್ಲಿ ಅಮಾನತುಗೊಳಿಸಿ, ಜೂನ್ ತಿಂಗಳಲ್ಲಿ ಭ್ರಷ್ಟಾಚಾರ ನಿಗ್ರಹ ದಳವು ಬಂಧಿಸಿತು. ಮಧ್ಯವರ್ತಿಗಳೆಂದು ಆರೋಪಿಸಲಾದವರೂ ಬಂಧಿತರಾದರು.

ಶಿಕ್ಷೆ ಏನು?

• ಲಂಚ ಪಡೆದ ನೌಕರರಿಗೆ (ಕಲಂ 7) 3ರಿಂದ 7 ವರ್ಷ ಸೆರೆವಾಸ ಹಾಗೂ ದಂಡ.
• ನೌಕರರ ಮೇಲೆ ಪ್ರಭಾವ ಬೀರುವುದಾಗಿ ಹಣ ಪಡೆದ ಮಧ್ಯವರ್ತಿಗೆ (ಕಲಂ 7ಎ) ಅಷ್ಟೇ ಶಿಕ್ಷೆ.
• ಲಂಚ ಕೊಟ್ಟವರಿಗೆ (ಕಲಂ 8) 7 ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಹಣವನ್ನು ಮೂರನೆಯವರ ಮೂಲಕ ಕೊಟ್ಟರೂ ಅಪರಾಧವೇ.

ಏಳು ದಿನಗಳ ಅವಕಾಶ

ಒತ್ತಾಯಕ್ಕೆ ಮಣಿದು ಲಂಚ ಕೊಟ್ಟವರು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಕಲಂ 8ರ ಶಿಕ್ಷೆಗೆ ಗುರಿಯಾಗುವುದಿಲ್ಲ. ಮೊದಲೇ ತಿಳಿಸಿ, ಆರೋಪಿಯನ್ನು ಹಿಡಿಯಲು ನೆರವಾಗುವ ಸಲುವಾಗಿ ಹಣ ಕೊಟ್ಟವರಿಗೂ ರಕ್ಷಣೆಯಿದೆ. 2018ರ ತಿದ್ದುಪಡಿಯಿಂದ ಬಂದ ಈ ಅವಕಾಶವು ಅವಧಿ ಮೀರಿದರೆ ದೊರೆಯದು.

ಸದಸ್ಯರ ಕರ್ತವ್ಯ

ನ್ಯಾಯಾಲಯದ ಸಿಬ್ಬಂದಿಯ ವಿರುದ್ಧದ ದೂರನ್ನು ಲೋಕಾಯುಕ್ತ ಪೊಲೀಸರಿಗೆ ನೀಡಬಹುದು. ಜಿಲ್ಲೆ ಹಾಗೂ ತಾಲ್ಲೂಕು ನ್ಯಾಯಾಧೀಶರ ಮೇಲಿನ ಶಿಸ್ತು ಅಧಿಕಾರವು ಉಚ್ಚ ನ್ಯಾಯಾಲಯದ್ದಾಗಿರುವುದರಿಂದ, ಅವರ ವಿರುದ್ಧದ ದೂರನ್ನು ಆ ನ್ಯಾಯಾಲಯದ ರಿಜಿಸ್ಟ್ರಾರರಿಗೂ ಸಲ್ಲಿಸಬಹುದು. ತೀರ್ಪು ಒಪ್ಪಿಗೆಯಾಗದಿದ್ದಲ್ಲಿ ಮೇಲ್ಮನವಿಯೇ ಮಾರ್ಗ. ಸೋತ ಮಾತ್ರಕ್ಕೆ ಲಂಚದ ಆರೋಪ ಹೊರಿಸುವುದು ಸಲ್ಲದು.

ವಕೀಲರ ಶುಲ್ಕ ಭರಿಸಲಾಗದ ಅರ್ಹರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪರಿಶಿಷ್ಟ ಪಂಗಡದವರಿಗೆ ಆದಾಯದ ಮಿತಿಯಿಲ್ಲ. ಸಹಾಯವಾಣಿ 15100. ಈ ಸಂಖ್ಯೆಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿ ಹೇಳುವುದು ಸೂಕ್ತ. ಯಾವುದೇ ಸದಸ್ಯರು ಇಂತಹ ಹಣವನ್ನು ತಾವೇ ಒಯ್ದು ಕೊಡಲು ಒಪ್ಪಿದಲ್ಲಿ, ಉಪಕಾರದ ಉದ್ದೇಶವಿದ್ದರೂ ಅವರು ಸ್ವತಃ ಆರೋಪಿಯಾಗುವ ಸಂಭವವಿರುತ್ತದೆ.