ಸಿಪ್ಪೆಯೇ ಸಿಹಿಯಾದ ಕಿತ್ತಳೆ

ಕಿತ್ತಳೆಯ ಸಿಪ್ಪೆಯನ್ನು ಸುಲಿದೆಸೆದು ತೊಳೆಯನ್ನು ಬಾಯಿಗಿಡುವುದು ಲೋಕರೂಢಿ. ಈ ರೂಢಿಯನ್ನೇ ತಲೆಕೆಳಗು ಮಾಡುವ ಹಣ್ಣೊಂದುಂಟೆಂದರೆ ವಾಚಕರು ನಂಬುವರೇ? ನೆಲ್ಲಿಕಾಯಿಯ ಗಾತ್ರದ, ಹೊಂಬಣ್ಣದ ಕಮ್‌ಕ್ವಾಟ್ ಅಂತಹ ಹಣ್ಣು. ಇದರ ಸಿಹಿಯೆಲ್ಲವೂ ಸಿಪ್ಪೆಯಲ್ಲಿ. ತಿರುಳು ಬರಿಯ ಹುಳಿ.

ನಮ್ಮ ಬಂಧುಗಳಲ್ಲೊಬ್ಬರಾದ ಮೈಸೂರಿನ ವೃದ್ಧೆಗೆ ಈ ಹಣ್ಣಿನ ಪರಿಚಯವಾದದ್ದು ಹಾಂಗ್‌ಕಾಂಗಿನಲ್ಲಿ. ಪತಿ ತೀರಿಕೊಂಡ ಮೇಲೆ ಅವರು ಮಗನ ಮನೆಗೆ ಹೋಗಿದ್ದರು. ಊಟ ರುಚಿಸುತ್ತಿರಲಿಲ್ಲ, ಎರಡು ತುತ್ತು ತಿಂದು ತಟ್ಟೆ ಸರಿಸುವರು. ಚೀನೀಯರ ಹೊಸ ವರ್ಷದ ದಿನಗಳಲ್ಲಿ ನೆರೆಮನೆಯ ಗೃಹಿಣಿ ಒಂದು ಚೀಲ ಕಮ್‌ಕ್ವಾಟ್ ತಂದುಕೊಟ್ಟಳು. ಇವರು ಮರ್ಯಾದೆಗೆಂದು ಒಂದನ್ನು ಸುಲಿದು ತಿರುಳನ್ನು ತಿಂದು ಮುಖ ಹಿಂಡಿದರು. ಆಕೆ ನಕ್ಕು, ಮತ್ತೊಂದು ಹಣ್ಣನ್ನು ಬೆರಳುಗಳ ನಡುವೆ ಮೆಲ್ಲನೆ ಹೊರಳಿಸಿ, ಸಿಪ್ಪೆ ಸಹಿತ ಬಾಯಿಗೆ ಹಾಕಿಕೊಂಡು ತೋರಿಸಿದಳು. ಹಾಗೆ ಹೊರಳಿಸಿದಾಗ ಸಿಪ್ಪೆಯೊಳಗಿನ ತೈಲ ಹೊರಬಂದು ಪರಿಮಳ ಹರಡುತ್ತದೆ. ಆ ಪರಿಮಳ ಮೂಗಿಗೆ ತಾಗಿದೊಡನೆ ವೃದ್ಧೆಗೆ ನೆನಪಾದದ್ದು ತವರಿನ ಹೇರಳೆಕಾಯಿ. "ಸಾಸಿವೆ, ಇಂಗು ಇದೆಯೇನಪ್ಪ?" ಎಂದು ಮಗನನ್ನು ಕೇಳಿದರಂತೆ.

ಕಮ್‌ಕ್ವಾಟ್ ಚೀನಾದೇಶದ ಹಣ್ಣು. ಕ್ಯಾಂಟನ್ ಕಡೆಯ ಮಾತಿನಲ್ಲಿ 'ಗಾಮ್' ಎಂದರೆ ಚಿನ್ನ. ಹೆಸರಿನ ಅರ್ಥವೇ ಚಿನ್ನದ ಕಿತ್ತಳೆ. 11ನೆಯ ಶತಮಾನದ ವಿದ್ವಾಂಸ ಓಯಾಂಗ್ ಶಿಯು ಇದರ ಕಥೆಯನ್ನು ಬರೆದಿಟ್ಟಿದ್ದಾನೆ. ಜಿಯಾಂಗ್‌ಶಿ ಪ್ರಾಂತದಿಂದ ರಾಜಧಾನಿಗೆ ಬಂದ ಹೊಸದರಲ್ಲಿ ಈ ಹಣ್ಣನ್ನು ಯಾರೂ ಅಷ್ಟಾಗಿ ಗಣಿಸಲಿಲ್ಲವಂತೆ. ವೆನ್‌ಚೆಂಗ್ ರಾಣಿ ಇಷ್ಟಪಟ್ಟು ತಿನ್ನತೊಡಗಿದ ಮೇಲೆ ಬೆಲೆ ಏರಿತು. ಬಹುಕಾಲ ಕೆಡದಂತಿರಲು ಇದನ್ನು ಹೆಸರುಕಾಳಿನಲ್ಲಿ ಹುದುಗಿಸಿಡುತ್ತಿದ್ದರೆಂದೂ, ಹಣ್ಣು ಉಷ್ಣ, ಕಾಳು ತಂಪು ಎಂಬುದೇ ಅದಕ್ಕೆ ಕಾರಣವೆಂದು ಹೇಳುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ನಮ್ಮ ಅಜ್ಜಿಯರ ಮಾತನ್ನೇ ಕೇಳಿದಂತಿಲ್ಲವೇ? 1846ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕನು ಇದನ್ನು ಇಂಗ್ಲೆಂಡಿಗೆ ಒಯ್ದನು. ಅವನ ಹೆಸರಿನಿಂದಲೇ 1915ರಲ್ಲಿ ಈ ಗಿಡದ ಕುಲಕ್ಕೆ 'ಫಾರ್ಚುನೆಲ್ಲ' ಎಂದು ನಾಮಕರಣವಾಯಿತು.

ಗೃಹಿಣಿಯರಿಗೆ ಒಂದೆರಡು ಎಚ್ಚರಿಕೆಗಳು. ಕಮ್‌ಕ್ವಾಟಿನಂತೆಯೇ ತೋರುವ 'ಚೈನಾ ಆರೆಂಜ್' ಅದರ ಬೆರಕೆ ಸಂತಾನ. ಅದು ತೆಳುಸಿಪ್ಪೆಯ, ಬಲು ಹುಳಿಯ ಹಣ್ಣು. ಅಲಂಕಾರಕ್ಕೆಂದು ಮಾರುವ ಕುಂಡದ ಗಿಡಗಳಿಗೆ ಕೀಟನಾಶಕ ಸಿಂಪಡಿಸಿರಬಹುದು. ಸಿಪ್ಪೆಯನ್ನೇ ತಿನ್ನಬೇಕಾದ ಹಣ್ಣಾದುದರಿಂದ ಅಂತಹ ಗಿಡದ ಫಲವನ್ನು ಅಡಿಗೆಗೆ ಬಳಸಬಾರದು. ತಿನ್ನಲೆಂದೇ ಬೆಳೆದ ಹಣ್ಣನ್ನು ಸಹ ಚೆನ್ನಾಗಿ ತೊಳೆಯಬೇಕು.

ಮುರಬ್ಬ: ಅರ್ಧ ಕಿಲೋ ಹಣ್ಣನ್ನು ಅಡ್ಡಲಾಗಿ ಹೆಚ್ಚಿ ಬೀಜ ತೆಗೆಯಿರಿ. ಕುದಿಯುವ ನೀರಿನಲ್ಲಿ ಎರಡು ನಿಮಿಷವಿಟ್ಟು ಬಸಿಯಿರಿ, ಕಹಿ ಇಳಿಯುತ್ತದೆ. 300 ಗ್ರಾಂ ಸಕ್ಕರೆಯನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕರಗಿಸಿ, ಹಣ್ಣು ಹಾಕಿ, ಸಣ್ಣ ಉರಿಯಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಿ. ಸಿಪ್ಪೆ ಗಾಜಿನಂತೆ ಹೊಳೆಯತೊಡಗಿದಾಗ ಇಳಿಸಿ ಏಲಕ್ಕಿ ಬೆರೆಸಿರಿ. ದೋಸೆಗೂ ಚಪಾತಿಗೂ ಹೊಂದುತ್ತದೆ.

ಗೊಜ್ಜು: ಇಪ್ಪತ್ತು ಹಣ್ಣುಗಳನ್ನು ಹೆಚ್ಚಿ ಬೀಜ ತೆಗೆಯಿರಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಹೋಳು, ಅರಿಸಿನ, ಉಪ್ಪು, ಒಂದು ಲೋಟ ನೀರು ಸೇರಿಸಿ ಮೆತ್ತಗೆ ಬೇಯಿಸಿ. ಒಣಮೆಣಸಿನಕಾಯಿ, ಉದ್ದಿನಬೇಳೆ, ಎಳ್ಳು, ಚಿಟಿಕೆ ಮೆಂತ್ಯ ಹುರಿದು ಪುಡಿಮಾಡಿ ಬೆರೆಸಿ, ಬೆಲ್ಲ ಹಾಕಿ ಕುದಿಸಿರಿ. ಹುಣಿಸೆಹಣ್ಣು ಬೇಕಿಲ್ಲ, ತಿರುಳಿನ ಹುಳಿಯೇ ಸಾಕು.

ಅಂದು ಆ ವೃದ್ಧೆ ಮಾಡಿದ್ದು ಈ ಗೊಜ್ಜನ್ನೇ. ಬಿಸಿಯನ್ನಕ್ಕೆ ಕಲಸಿಕೊಂಡು, ಅಷ್ಟು ತಿಂಗಳ ಮೇಲೆ ಮೊದಲ ಬಾರಿಗೆ ಎರಡನೆಯ ಸಲ ಅನ್ನ ಬಡಿಸಿಕೊಂಡರೆಂದು ಮಗ ಹೇಳುತ್ತಾನೆ. ಒಂದು ಬಟ್ಟಲು ಗೊಜ್ಜು ನೆರೆಮನೆಗೂ ಹೋಯಿತು. ಬರಿಯ ಪಾತ್ರೆಯನ್ನು ಹಿಂತಿರುಗಿಸಬಾರದೆಂಬುದು ನಮ್ಮ ಸಂಪ್ರದಾಯ. ಅಲ್ಲಿಂದಲೂ ಬಟ್ಟಲು ಬರಿದಾಗಿ ಬರಲಿಲ್ಲ. ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಹಳತು ಮಾಡಿದ ಕಪ್ಪನೆಯ ಕಮ್‌ಕ್ವಾಟುಗಳು ಅದರಲ್ಲಿದ್ದವು. ಗಂಟಲು ಕೆರೆದಾಗ ಅಲ್ಲಿಯವರು ಇದನ್ನು ಬಿಸಿನೀರಿನಲ್ಲಿ ಕಿವುಚಿ, ಜೇನು ಬೆರೆಸಿ ಕುಡಿಯುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಇಂದಿಗೂ ಬಾರದು. ಆದರೆ ಬಟ್ಟಲು ಮಾತ್ರ ಎರಡು ಮನೆಗಳ ನಡುವೆ ಇಂದಿಗೂ ಓಡಾಡುತ್ತಿದೆ.