ಸಕ್ಕರೆ ತಿಂದು ನೀಲಿ ಕೊಡುವ ಜೀವಿ

ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಇರಲಿ, ಅಮೆರಿಕದಿಂದ ಬಂದದ್ದೇ ಇರಲಿ, ಅದರ ನೀಲಿ ಬಣ್ಣದ ಹೆಸರು ಒಂದೇ: ಇಂಡಿಗೊ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಟನ್ ಇಂಡಿಗೊ ತಯಾರಾಗುತ್ತದೆ. ಬಹುಪಾಲು ಹೋಗುವುದು ಜೀನ್ಸ್ ಬಟ್ಟೆಗೇ. ಇಷ್ಟೂ ನೀಲಿಗೆ ಮೂಲ ಇಂದು ಪೆಟ್ರೋಲಿಯಂ. ಅದರ ಬದಲು ಸಕ್ಕರೆಯನ್ನೇ ನೀಲಿಯಾಗಿಸಲು ಸಾಧ್ಯವೆ? ಸಾಧ್ಯ, ಆದರೆ ಆ ಕೆಲಸ ಮಾಡಬೇಕಾದದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯ. ನಾಲ್ಕು ದಶಕಗಳಿಂದ ವಿಜ್ಞಾನಿಗಳು ಅದಕ್ಕೆ ಈ ಕಸುಬನ್ನು ಕಲಿಸುತ್ತಿದ್ದಾರೆ.

ಹೊಲದಿಂದ ಕಾರ್ಖಾನೆಗೆ

ಇಂಡಿಗೊ ಎಂದರೆ ‘ಭಾರತದ್ದು’ ಎಂದೇ ಅರ್ಥ. ಹಿಂದೆ ಅದನ್ನು ನೀಲಿ ಗಿಡದ ಎಲೆಗಳಿಂದ ತೆಗೆಯುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಬಿಹಾರದ ಚಂಪಾರಣ್ಯದ ರೈತರು ಪ್ರತಿ 20 ಕಠ್ಠಾ ಜಮೀನಿನಲ್ಲಿ 3 ಕಠ್ಠಾ ನೀಲಿಗೇ ಮೀಸಲಿಡಬೇಕಿತ್ತು. ಅಷ್ಟರಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಇಂಡಿಗೊದ ಅಣುರಚನೆಯನ್ನು ಬಿಡಿಸಿ ತೋರಿಸಿದರು. 1897ರಲ್ಲಿ ಬಿಎಎಸ್ಎಫ್ ಕಂಪನಿಯ ಕೃತಕ ನೀಲಿ ಮಾರುಕಟ್ಟೆಗೆ ಬಂತು. ಗಿಡದ ನೀಲಿಯ ಬೆಲೆ ಕುಸಿಯಿತು. ತೋಟದ ದೊರೆಗಳು ತಮ್ಮ ನಷ್ಟವನ್ನು ರೈತರ ಗೇಣಿಯ ಮೇಲೆ ಹೇರಿದರು. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ಈ ರೈತರ ಗೋಳು ಕೇಳಿಯೇ.

ಕಾರ್ಖಾನೆಯ ನೀಲಿ ಅಗ್ಗವೇನೋ ಹೌದು. ಆದರೆ ಅದರ ಅಡುಗೆಗೆ ಬೇಕಾದ ಸಾಮಾನುಗಳ ಪಟ್ಟಿ ಭಯಂಕರ: ಬೆಂಜೀನಿನಿಂದ ಬಂದ ಅನಿಲೀನ್, ಫಾರ್ಮಾಲ್ಡಿಹೈಡ್, ಹೈಡ್ರೊಜನ್ ಸಯನೈಡ್. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಸಯನೈಡಿನ ಬಗ್ಗೆ ಹೇಳಬೇಕಾದ್ದೇ ಇಲ್ಲ.

ನುಸಿಗುಳಿಗೆ ತೋರಿಸಿದ ದಾರಿ

ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ನುಸಿಗುಳಿಗೆ ಗೊತ್ತಲ್ಲವೆ? ಅದರಲ್ಲಿರುವ ನ್ಯಾಫ್ತಲೀನನ್ನು ಜೀರ್ಣಿಸಿಕೊಳ್ಳುವ ಬ್ಯಾಕ್ಟೀರಿಯಗಳು ಮಣ್ಣಿನಲ್ಲಿವೆ. ಅಮೆರಿಕದ ಬರ್ಟ್ ಎನ್ಸ್‌ಲಿ ಮತ್ತು ಸಂಗಡಿಗರು ಅಂಥ ಒಂದು ಬ್ಯಾಕ್ಟೀರಿಯದ ಜೀನ್‌ಗಳನ್ನು ತೆಗೆದು, ನಮ್ಮ ಕರುಳಿನಲ್ಲೂ ವಾಸಿಸುವ ಇ. ಕೋಲಿಗೆ ಸೇರಿಸಿದರು. ಬೆಳೆದು ಬಂದ ಬ್ಯಾಕ್ಟೀರಿಯ ನೀಲಿಯಾಯಿತು! ಹುಡುಕದೇ ಇದ್ದ ಬಳ್ಳಿ ಕಾಲಿಗೆ ತೊಡರಿತ್ತು. ಇದು ಪ್ರಕಟವಾದದ್ದು 1983ರಲ್ಲಿ.

ಆದದ್ದಿಷ್ಟೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಇಂಡೋಲ್ ಎಂಬ ವಸ್ತು ಮಾಡುವುದು ಇ. ಕೋಲಿಯ ಸ್ವಭಾವ. ಈ ಇಂಡೋಲ್ ಮಲ್ಲಿಗೆಯ ಪರಿಮಳದಲ್ಲೂ ಉಂಟು, ಮಲದ ದುರ್ನಾತದಲ್ಲೂ ಉಂಟು. ಹೊಸದಾಗಿ ಬಂದ ಕಿಣ್ವ ಇಂಡೋಲಿಗೆ ಆಮ್ಲಜನಕ ಅಂಟಿಸಿತು. ಮುಂದಿನ ಕೆಲಸವನ್ನು ಗಾಳಿಯೇ ಮಾಡಿ ಮುಗಿಸಿತು.

ಸುರಂಗಕ್ಕೆ ಕನ್ನ

ಆದರೆ ಟ್ರಿಪ್ಟೊಫ್ಯಾನ್ ದುಬಾರಿ. ಅದನ್ನು ಉಣಿಸಿ ಬಣ್ಣ ಮಾಡಿದರೆ ಪೂರೈಸುವುದಿಲ್ಲ. ಅಗ್ಗದ ಗ್ಲೂಕೋಸಿನಿಂದಲೇ ಶುರುಮಾಡಬೇಕು. ಗ್ಲೂಕೋಸಿನಲ್ಲಿ ಇಲ್ಲದ ಬೆಂಜೀನ್ ಮಾದರಿಯ ಇಂಗಾಲದ ಬಳೆಯನ್ನು ಇಂಡಿಗೊಕ್ಕಾಗಿ ಕಟ್ಟಬೇಕು. ಇಂಥ ಬಳೆಯುಳ್ಳ ವಸ್ತುಗಳೇ ‘ಅರೋಮ್ಯಾಟಿಕ್’ ರಾಸಾಯನಿಕಗಳು. ಗಿಡಗಳು, ಅಣಬೆಗಳು ಮತ್ತು ಅನೇಕ ಬ್ಯಾಕ್ಟೀರಿಯಗಳಿಗೆ ಈ ಬಳೆ ಕಟ್ಟುವ ವಿದ್ಯೆ ಗೊತ್ತು. ‘ಶಿಕಿಮೇಟ್ ಮಾರ್ಗ’ವೆಂದು ಅದರ ಹೆಸರು. ಮನುಷ್ಯರಿಗೆ ಅದು ಬಾರದು. ಆದ್ದರಿಂದಲೇ ಬೇಳೆ, ಹಾಲು, ಮೊಟ್ಟೆಗಳಿಂದ ನಾವು ಟ್ರಿಪ್ಟೊಫ್ಯಾನನ್ನು ಪಡೆಯಬೇಕು.

ಬ್ಯಾಕ್ಟೀರಿಯ ಮಹಾ ಜಿಪುಣ. ತನಗೆ ಬೇಕಾದಷ್ಟು ಅಮೈನೊ ಆಮ್ಲ ಸಿಕ್ಕಿದೊಡನೆ ಈ ಮಾರ್ಗದ ಮೊದಲ ಬಾಗಿಲನ್ನೇ ಮುಚ್ಚಿಬಿಡುತ್ತದೆ. ವಿಜ್ಞಾನಿಗಳು ಅಲ್ಲಿನ ಕಿಣ್ವವನ್ನು ತಿದ್ದಿ, ಬಾಗಿಲು ಸದಾ ತೆರೆದಿರುವಂತೆ ಮಾಡಿದರು. ಇನ್ನೊಂದು ತೊಡಕಿತ್ತು. ಟ್ರಿಪ್ಟೊಫ್ಯಾನ್ ಮಾಡುವ ಕಿಣ್ವಕ್ಕೆ ಎರಡು ಕೋಣೆ, ನಡುವೆ ಒಂದು ಸುರಂಗ. ಮೊದಲ ಕೋಣೆಯಲ್ಲಿ ಹುಟ್ಟಿದ ಇಂಡೋಲ್ ಹೊರಗೆ ಮುಖ ತೋರಿಸದೆ ಎರಡನೆಯದಕ್ಕೆ ಜಾರಿ ಟ್ರಿಪ್ಟೊಫ್ಯಾನ್ ಆಗಿಬಿಡುತ್ತದೆ. ಆ ಕಿಣ್ವದಲ್ಲೇ ಬದಲಾವಣೆ ಮಾಡಿ ಇಂಡೋಲ್ ಸೋರುವಂತೆ ಮಾಡಲಾಯಿತು. 1993ರಲ್ಲಿ ಗ್ಲೂಕೋಸಿನಿಂದ ನೇರವಾಗಿ ಇಂಡಿಗೊ ಮಾಡುವ ಇ. ಕೋಲಿ ಸಿದ್ಧವಾಗಿತ್ತು.

ಅಲ್ಲಿಗೂ ಕಥೆ ಮುಗಿಯಲಿಲ್ಲ. ನೀಲಿಯ ಜೊತೆ ಇಂಡಿರುಬಿನ್ ಎಂಬ ಕೆಂಪು ಬೆರೆಯುತ್ತಿತ್ತು. ಜೆನೆನ್‌ಕೋರ್ ಕಂಪನಿಯವರು ಮತ್ತೊಂದು ಕಿಣ್ವ ಸೇರಿಸಿ ಅದನ್ನೂ ನಿವಾರಿಸಿ, 2002ರಲ್ಲಿ ವಿವರ ಪ್ರಕಟಿಸಿದರು. ಆದರೂ ಪೆಟ್ರೋಲಿಯಂ ನೀಲಿಯ ಬೆಲೆಯೆದುರು ಬ್ಯಾಕ್ಟೀರಿಯದ ನೀಲಿ ಗೆಲ್ಲಲಾಗಲಿಲ್ಲ.

ಈ ಶ್ರಮ ವ್ಯರ್ಥವೆನ್ನುವಂತಿಲ್ಲ. ಅದೇ ಶಿಕಿಮೇಟ್ ಮಾರ್ಗವನ್ನು ಬೇರೆಡೆಗೆ ತಿರುಗಿಸಿ ಕ್ಯಾಟಿಕಾಲ್‌ನಂಥ ರಾಸಾಯನಿಕಗಳನ್ನು ಪಡೆದ ಕೇರನ್ ಡ್ರಾಥ್ಸ್ ಮತ್ತು ಜಾನ್ ಫ್ರಾಸ್ಟ್ ಅವರಿಗೆ 1998ರಲ್ಲಿ ಅಮೆರಿಕ ಸರ್ಕಾರದ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು. ಫ್ಲೂ ಜ್ವರದ ಮದ್ದು ಟಾಮಿಫ್ಲೂಗೆ ಬೇಕಾದ ಶಿಕಿಮಿಕ್ ಆಮ್ಲವನ್ನು ಮೊದಲು ಪಲಾವಿಗೆ ಹಾಕುವ ಚಕ್ರಮೊಗ್ಗಿನಿಂದ ತೆಗೆಯುತ್ತಿದ್ದರು. ಅದನ್ನೂ ಬ್ಯಾಕ್ಟೀರಿಯ ಮಾಡಿಕೊಟ್ಟಿತು.

ಗಿಡದಿಂದ ಕಲಿತ ಉಪಾಯ

ಇಂಡಿಗೊಗೆ ಇನ್ನೊಂದು ದುರ್ಗುಣವಿದೆ. ಅದು ನೀರಿನಲ್ಲಿ ಕರಗದು. ಕರಗಿಸಲು ಸೋಡಿಯಂ ಡೈಥಯೊನೈಟ್ ಎಂಬ ರಾಸಾಯನಿಕ ಬೇಕು. ಬಣ್ಣ ಹಾಕಿದ ಮೇಲೆ ಅದರ ಅವಶೇಷ ಕೊಳಚೆ ನೀರಿಗೆ ಸೇರುತ್ತದೆ, ಕೊಳವೆಗಳನ್ನು ತಿನ್ನುತ್ತದೆ. ನೀಲಿಯನ್ನು ಸಕ್ಕರೆಯಿಂದ ಮಾಡಿದ ಮಾತ್ರಕ್ಕೆ ಈ ಪೀಡೆ ತಪ್ಪುವುದಿಲ್ಲ.

2018ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಜಾನ್ ಡ್ಯೂಬರ್ ತಂಡ ಉತ್ತರ ಹುಡುಕಿದ್ದು ಗಿಡದಲ್ಲಿ. ನೀಲಿ ಗಿಡದ ಎಲೆ ಹಸಿರಾಗಿಯೇ ಇರುತ್ತದೆಯಲ್ಲ, ಹೇಗೆ? ಬಣ್ಣದ ಹಿಂದಿನ ವಸ್ತುವಿಗೆ ಗಿಡ ಒಂದು ಗ್ಲೂಕೋಸ್ ಟೋಪಿ ತೊಡಿಸಿಟ್ಟಿರುತ್ತದೆ. ಟೋಪಿ ಇರುವಷ್ಟು ಹೊತ್ತು ಅದು ನೀಲಿಯಾಗದು, ನೀರಿನಲ್ಲೂ ಕರಗುತ್ತದೆ. ಆ ಟೋಪಿ ತೊಡಿಸುವ ಜೀನನ್ನು ಜಪಾನಿನ ನೀಲಿ ಗಿಡದಿಂದ ತಂದು ಇ. ಕೋಲಿಗೆ ಕೊಟ್ಟರು. ಬಟ್ಟೆಗೆ ಹಚ್ಚಿ, ಒಂದು ಕಿಣ್ವದಿಂದ ಟೋಪಿ ಕಳಚಿದರೆ ಸಾಕು, ನೂಲಿನ ಮೇಲೆಯೇ ನೀಲಿ ಅರಳುತ್ತದೆ. ಡೈಥಯೊನೈಟ್ ಬೇಕಿಲ್ಲ. ಇಲ್ಲಿಯೂ ಎದುರಿಸಬೇಕಾದದ್ದು ಬೆಲೆಯನ್ನೇ.

ಒಂದು ಮಾತು ಮರೆಯುವಂತಿಲ್ಲ. ಬ್ಯಾಕ್ಟೀರಿಯಕ್ಕೆ ಉಣಿಸುವ ಸಕ್ಕರೆ ಆಕಾಶದಿಂದ ಉದುರುವುದಿಲ್ಲ. ಅದು ಕಬ್ಬಿನ ಗದ್ದೆಯಿಂದಲೋ ಜೋಳದ ಹೊಲದಿಂದಲೋ ಬರಬೇಕು. ಹೊಲದಿಂದ ಕಾರ್ಖಾನೆಗೆ ಹೋದ ನೀಲಿ ಸುತ್ತಿ ಬಳಸಿ ಮತ್ತೆ ಹೊಲಕ್ಕೇ ಬರುತ್ತಿದೆ. ಆ ಹೊಲದಲ್ಲಿ ಏನು ಬೆಳೆಯಬೇಕು, ಅದಕ್ಕೆ ಸಿಗುವ ಬೆಲೆ ಎಷ್ಟು ಎಂಬುದನ್ನು ಈ ಸಲವಾದರೂ ಬೆಳೆಯುವವನನ್ನು ಕೇಳಿ ತೀರ್ಮಾನಿಸಬೇಕು. ಚಂಪಾರಣ್ಯದಲ್ಲಿ ಯಾರೂ ಕೇಳಿರಲಿಲ್ಲ.